ಅಲ್ಲಲ್ಲಿ ಮಳೆ, ಇಲ್ಲೇ ಶಾವಿಗಿ

ಹುಮನಾಬಾದಿನ ಒಂದು ಸಣ್ಣ ರೇಡಿಯೊ ಕೇಂದ್ರದಾಗ ದಿನಾ ಮುಂಜಾನಿ ಇಡೀ ದೇಶದ ಎರಡು ದಿನದ ಹವಾಮಾನ ಓದೂದು ನನ್ನ ಕೆಲಸ. ಮ್ಯಾಲಿನ ಆಫೀಸಿಂದ ಬಂದದ್ದು ಓದ್ತೀನಿ, ಅಷ್ಟೇ. ಆದ್ರ ಯುಗಾದಿ ಸುತ್ತಮುತ್ತ ಗಾಳಿ-ಗುಡುಗು ಶುರು ಆತಂದ್ರ, ಮಳಿ ಮುಗಿಲಿಂದಲ್ಲ, ನನ್ನ ಬಾಯಿಂದ ಬೀಳ್ತದ ಅಂತ ಜನ ತಿಳಕೋತಾರ. ಯಾರಿಗಿ ಹೇಳಲಿ?

೧. ಮಾಳಿಗಿ ಮ್ಯಾಲಿನ ಶಾವಿಗಿ

ಬಸವಕಲ್ಯಾಣದಾಗ ನಾ ಬಾಡಿಗಿ ಇರೋ ಮನಿ ಮಾಲಕಿ ಆಯಿ, ಮೊಮ್ಮಗಳ ತೊಟ್ಟಿಲು ಕಾರ್ಯಕ್ಕಂತ ಮಾಳಿಗಿ ಮ್ಯಾಲ ಶಾವಿಗಿ ಒಣ ಹಾಕಿದ್ಳು. ಅವತ್ತೇ ನಾ "ಬೀದರ ಜಿಲ್ಲೆಯ ಅಲ್ಲಲ್ಲಿ ಗುಡುಗು ಸಹಿತ ಮಳೆ" ಅಂತ ಓದಿದ್ದೆ. ಸಂಜಿಕ ಬಂದು ನೋಡ್ತೀನಿ, ಶಾವಿಗಿ ಎಲ್ಲಾ ಅಂಬಲಿ ಆಗ್ಯಾವ.

"ಆಯಿ, ರೇಡಿಯೊ ಕೇಳಿಲ್ಲೇನ್ರಿ?"

"ಕೇಳೀನಿ. ಅಲ್ಲಲ್ಲಿ ಅಂದಿ. ಇಲ್ಲಿ ಅಂತ ಎಲ್ಲಿ ಅಂದಿ?"

೨. ಪುಕಟ್ ಬರ್ಫ್

ಹುಮನಾಬಾದ ಬಸ್‌ಸ್ಟ್ಯಾಂಡಿನ ಶರಬತ್ ಬಂಡಿಯಂವ ಒಂದಿನ ಕೇಳಿದ, "ನೀವು ರೇಡಿಯೊದಾಗ ಓದೋ ಹಿಮಪಾತ ಅಂದ್ರ ಏನ್ರಿ ಬಾಯಾರ?"

"ಮುಗಿಲಿಂದ ಬರ್ಫ್ ಬೀಳೂದ್ರಿ."

ಅಂವ ತನ್ನ ಗೋಣಿಚೀಲದಾಗಿನ ಬರ್ಫ್ ನೋಡಿದ. "ಅಲ್ಲಿ ಪುಕಟ್ ಬೀಳ್ತದೇನು! ಇಲ್ಲೂ ಒಂದೀಟು ಬೀಳಂಗ ಓದ್ರಲ್ಲ."

ಮರುದಿನ ನೋಡ್ರಿ, ಧಡಧಡ ಆಲಿಕಲ್ಲು! ಖುಷಿ ಆಗಿರಬೇಕಂತ ಮಾತಾಡ್ಸಾಕ ಹೋದ್ರ, ಅಂವ ಮುಖ ಸಣ್ಣ ಮಾಡ್ಕೊಂಡು ಕುಂತಿದ್ದ.

"ಬರ್ಫೇನೋ ಬಂತ್ರಿ, ಥಂಡಿಗಿ ಗಿರಾಕಿ ಎಲ್ಲಾ ಮನಿ ಹಿಡದ್ರು. ಇನ್ನ ಮ್ಯಾಲ ನನ್ನ ಮಾತು ಅಷ್ಟು ಮನಸಿಗಿ ಹಚ್ಕೋಬ್ಯಾಡ್ರಿ."

೩. ಕಾಶ್ಮೀರಕ್ಕ ಹೋದ ಲಾರಿ

ಆಯಿಯ ಮಗ ಲಾರಿ ಡ್ರೈವರ್. ತೊಗರಿಬ್ಯಾಳಿ ಹೇರ್ಕೊಂಡು ಶ್ರೀನಗರಕ್ಕ ಹೋಗಿದ್ದ. ಇಳಿಸಿ ಬರೂಮುಂದ ಹಿಮ ಬಿದ್ದು ದಾರಿ ಬಂದ್, ಫೋನೂ ಹತ್ತವಲ್ದು. ತೊಟ್ಟಿಲು ಕಾರ್ಯ ಸಮೀಪ ಬಂದಿತ್ತು, ಮಗಳ ಮುಖ ಅಂವ ಇನ್ನೂ ನೋಡಿರಲಿಲ್ಲ. ಸೊಸಿ ಕೂಸಿಗಿ ಹಾಲು ಕುಡಿಸ್ಕೋತ ಕಣ್ಣು ಒರಸ್ಕೋತಿದ್ಳು.

ಆಯಿಯ ಸಿಟ್ಟು ನನ್ನ ಮ್ಯಾಲ. "ಅಲ್ಲಿ ಬರ್ಫ್ ಬೀಳೂದು ನಿಂದ್ರಸು!"

"ನಾ ಬೀಳಸೂದಿಲ್ರಿ ಆಯಿ, ಬರೇ ಓದ್ತೀನಿ."

"ಹಂಗಾದ್ರ ಚಂದಗ ಓದು!"

ಚಂದಗ ಓದೂದು ಹ್ಯಾಂಗ? ಖರೇ ಹೇಳ್ತೀನಿ, ಹಿಮಪಾತ ಅನ್ನೂದನ್ನ ನಾನೂ ಸಣ್ಣ ದನೀಲೆ ಓದ್ತಿದ್ದೆ. ಕಡೀಗೊಂದಿನ "ಉತ್ತರದ ಬೆಟ್ಟಗಳಲ್ಲಿ ಹಿಮಪಾತ ಕಡಿಮೆಯಾಗಲಿದೆ" ಅಂತ ಬಂತು. ಆ ಸಾಲು ಎರಡು ಸಲ ಓದಿಬಿಟ್ಟೆ. ದಾರಿ ತೆರೀತು, ಹೊಂಟೀನಿ ಅಂತ ಅಂವಂದು ಫೋನೂ ಬಂತು.

ಕಾರ್ಯದ ದಿನ ಮಂದಿ ಕೂಡಿತ್ತು, ತೊಟ್ಟಿಲು ಕಟ್ಟಿತ್ತು, ಮಗ ಮಾತ್ರ ಬಂದಿರಲಿಲ್ಲ. ಬೀದರಕ್ಕ ಅಲ್ಲಲ್ಲಿ ಮಳೆ ಅಂತ ಅವತ್ತೂ ಓದಿದ್ದೆ. ಊಟಕ್ಕ ಎಲಿ ಪತ್ರಾಳಿ ಹಾಸ್ತಿದ್ದಂಗೇ ಮಳಿ ಧೋ ಅಂತ ಸುರೀತು. ಶಾಮಿಯಾನ ಜೋತುಬಿತ್ತು, ಪತ್ರಾಳಿ ಎಲ್ಲಾ ತೊಯ್ದವು. ಅದೇ ಮಳ್ಯಾಗ ಒಂದು ಆಟೊ ಬಂದು ನಿಂತಿತು, ಲಾರಿ ಹೈವೇದಾಗ ಬಿಟ್ಟು ಬಂದ ಮಗ ಇಳದ. ತೊಯ್ದ ಅಂಗ್ಯಾಗ ಕೂಸಿನ್ನ ಹ್ಯಾಂಗ ಎತ್ತಿಕೊಳ್ಳಲಿ ಅಂತ ಬಾಗಿಲದಾಗೇ ನಿಂತುಬಿಟ್ಟ. ಸೊಸಿ ಟವೆಲ್ ತಂದು ಕೊಟ್ಟವಳು ನಗಾಕತ್ತಾಳೋ ಅಳಾಕತ್ತಾಳೋ ತಿಳೀಲಿಲ್ಲ. ಆಯಿ ಅಂವನ ಹಸಿ ತಲಿ ಎದಿಗಿ ಒತ್ಕೊಂಡು ಜೋರಾಗಿ ಅತ್ಳು.

ಬೈಸ್ಕೋಳೂದು ತಪ್ಪಂಗಿಲ್ಲಂತ ನಾನೇ ಮೊದಲು ಅಂದೆ, "ಆಯಿ, ಅಲ್ಲಲ್ಲಿ ಅಂತ ಓದಿದ್ದೆ, ಇಲ್ಲೇ ಬಿತ್ತಲ್ರಿ."

ಆಯಿ ಸೆರಗಿಲೆ ಮೂಗು ಒರಸ್ಕೊಂಡ್ಳು.

"ಬೀಳಲಿ ಬಿಡು. ಅಲ್ಲಿದ್ದಂವ ಇಲ್ಲಿಗಿ ಬಂದಾನ, ಮಳಿನೂ ಅಂವನ ಜೋಡಿ ಬಂದದ. ಹೋಗು, ಅದಕ್ಕೂ ಒಂದು ಪತ್ರಾಳಿ ಹಾಕು."