ಐದನೆಯ ಪಾಸು

ಮೂವತ್ತಣ್ಣನ ಕೈಯಿಂದ ಹೊರಟ ಚೆಂಡಿಗೆ ಲೋಕದಲ್ಲಿ ಒಂದೇ ದಾರಿ ಗೊತ್ತಿತ್ತು, ಅದು ಬುಟ್ಟಿಯ ದಾರಿ. ಪಂದ್ಯಕ್ಕೆ ಮೂವತ್ತು ಅಂಕ ತಪ್ಪದೆ ಹಾಕುತ್ತಿದ್ದುದರಿಂದ ಆ ಹೆಸರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಂತಿತ್ತು. ಬ್ಯಾಸ್ಕೆಟ್‌ಬಾಲಿನಲ್ಲಿ ಅವನು ಗಾರ್ಡ್, ಎಂದರೆ ಚೆಂಡನ್ನು ಮುಂದೆ ತಂದು ಜೊತೆಗಾರರಿಗೆ ಹಂಚಬೇಕಾದವನು. ತರುವುದನ್ನು ಅವನು ಚೆನ್ನಾಗಿಯೇ ಮಾಡುತ್ತಿದ್ದ. ಹಂಚುವ ಬುದ್ಧಿಯನ್ನು ಭಗವಂತ ಇನ್ನಾರಿಗೋ ಕೊಟ್ಟು ಮರೆತಿದ್ದ.

ಹೀಗಿರಲು, ತಂಡ ಸೇರಿದ ಹನ್ನೊಂದನೆಯ ವರ್ಷದ ಕಡೆಯ ಪಂದ್ಯದ ಬೆಳಿಗ್ಗೆ ಮ್ಯಾನೇಜರರ ಫೋನು ಬಂತು. ಇವತ್ತು ಐದು ಸಲ ಪಾಸು ಕೊಟ್ಟು ಬೇರೆಯವರಿಂದ ಅಂಕ ಹಾಕಿಸಿದರೆ ಮುಂದಿನ ವರ್ಷಕ್ಕೂ ಕರಾರು, ನಾಲ್ಕಕ್ಕೆ ನಿಂತರೆ ಮನೆ. ಅಷ್ಟು ಹೇಳಿ ಇಟ್ಟುಬಿಟ್ಟರು.

ಪಕ್ಕದಲ್ಲೇ ತಿಂಡಿಗೆ ಕುಳಿತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು.

"ಕಷ್ಟ ಇದೆ ಅಳಿಯಂದ್ರೆ," ಎಂದರು. "ಹನ್ನೊಂದು ವರ್ಷದಲ್ಲಿ ನೀವು ನನ್ನ ಕಡೆ ಉಪ್ಪಿನ ಡಬ್ಬಿ ಸರಿಸಿದ್ದು ನಂಗೆ ನೆನಪಿಲ್ಲ."

ಅಭ್ಯಾಸವಾಗಲಿ ಎಂದು ಹೆಂಡತಿ ಎದುರಿಗೆ ಕೈಚಾಚಿ ನಿಂತಳು. ಅವನೆಸೆದ ದಿಂಬು ಅವಳ ತಲೆಯ ಮೇಲೆ ಹಾದು ಒಗೆಯುವ ಬಟ್ಟೆಯ ಬುಟ್ಟಿಗೆ ಬಿತ್ತು. ಮೂರು ಸಲವೂ. ಕಣ್ಣು ಮುಚ್ಚಿ ಎಸೆದರೆ ಸರಿಹೋದೀತೆಂದು ಕೆಳಮನೆಯ ದರ್ಜಿ ಮೆಟ್ಟಿಲ ಮೇಲೆ ಸಲಹೆ ಕೊಟ್ಟ.

ಆದರೆ ತೊಂದರೆ ಅವನೊಬ್ಬನ ಕೈಯಲ್ಲಿರಲಿಲ್ಲ. ಅವನಿಗೆ ಚೆಂಡು ಸಿಕ್ಕಿತೆಂದರೆ ಉಳಿದ ನಾಲ್ವರು ತಮಗೆ ಬಿಡುವೆಂದೇ ತಿಳಿಯುತ್ತಿದ್ದರು. ತಂಡದಲ್ಲೆಲ್ಲ ಎತ್ತರದವನಿಗೆ ಏಣಿ ಎಂದು ಹೆಸರು. ಪಂದ್ಯ ಶುರುವಾಗಿ ಅವನು ಪ್ರೇಕ್ಷಕರ ನಡುವೆ ತನ್ನ ಭಾವನನ್ನು ಹುಡುಕುತ್ತಿದ್ದಾಗ ಮೊದಲ ಪಾಸು ಹೋಗಿ ಕಿವಿಗೆ ಬಡಿಯಿತು.

"ನಾನೇನು ತಪ್ಪು ಮಾಡ್ದೆ ಅಣ್ಣಾ?" ಎಂದ ಏಣಿ.

ಎರಡನೆಯದನ್ನು ಹಿಡಿದ ಗಡ್ಡದವನು ಓಡಿಬಂದು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. "ನಿಮ್ದು ಕೈಜಾರಿತ್ತಣ್ಣ."

ಬಿಡುವಿನಲ್ಲಿ ಮೂವತ್ತಣ್ಣ ನಾಲ್ವರಿಗೂ ವಿಷಯ ಬಿಡಿಸಿ ಹೇಳಿದ. ಅವರು ಅವನ ಹಣೆ ಮುಟ್ಟಿ ನೋಡಿದರು, ಬಿಸಿಯಿರಲಿಲ್ಲ. ಆಮೇಲೆ ಏಣಿ ಲೆಕ್ಕಕ್ಕೆ ಬರುವ ಮೊದಲ ಪಾಸನ್ನು ಬುಟ್ಟಿಗೆ ಹಾಕಿ, ಪರರ ಹಿತ್ತಲಲ್ಲಿ ಹಣ್ಣು ಕಿತ್ತವನಂತೆ ಸುತ್ತ ನೋಡಿದ. ಯಾರೂ ಬೈಯಲಿಲ್ಲ. ಎರಡು, ಮೂರು, ನಾಲ್ಕು, ಎಲ್ಲವನ್ನೂ ಅವನೇ ಹಾಕಿದ.

ಇನ್ನು ಐದು ಸೆಕೆಂಡು. ತಂಡ ಒಂದು ಅಂಕ ಹಿಂದೆ. ಮೂವತ್ತಣ್ಣ ಬುಟ್ಟಿಯ ಕೆಳಗೆ ಒಬ್ಬನೇ, ಅಡ್ಡ ಯಾರೂ ಇಲ್ಲ. ಜನ ಎದ್ದು ನಿಂತರು. ಕೈ ತಾನಾಗಿ ಮೇಲೆದ್ದಿತು. ಎದ್ದ ಕೈಯನ್ನು ದೇವರ ಮೇಲೆ ಭಾರ ಹಾಕಿ ಇಳಿಸಿ, ಚೆಂಡನ್ನು ಏಣಿಗೆ ಕೊಟ್ಟ. ಏಣಿ ಹಾಕಿದ. ಗೆದ್ದರು. ಜನ ಹೊತ್ತು ಮೆರೆಸಿದ್ದು ಏಣಿಯನ್ನು.

ಮ್ಯಾನೇಜರರು ಮಾತಿಗೆ ತಪ್ಪುವವರಲ್ಲ. ಬಟ್ಟೆ ಬದಲಿಸುವ ಕೋಣೆಗೆ ಕರಾರಿನ ಕಾಗದ ಹಿಡಿದೇ ಬಂದರು. ಸಹಿಗೆ ಬಗ್ಗಿದ ಮೂವತ್ತಣ್ಣನ ಕಣ್ಣಿಗೆ, ಕೊನೆಯಲ್ಲಿ ಕೈಯಲ್ಲಿ ಬರೆದಿದ್ದ ಒಂದು ಸಾಲು ಬಿತ್ತು: ಸದರಿಯವರು ಬುಟ್ಟಿಗೆ ಎಸೆಯತಕ್ಕದ್ದಲ್ಲ.

"ಇದನ್ನ ಯಾರು ಸೇರಿಸಿದ್ದು ಸಾರ್?"

"ಏಣಿ," ಎಂದರು ಮ್ಯಾನೇಜರರು. "ಅವನಿಗೂ ಈಗ್ತಾನೇ ಮೂರು ವರ್ಷಕ್ಕೆ ಕರಾರು ಬರೆದ್ವಲ್ಲ, ಸಹಿ ಒಂದು ಬಾಕಿ. ನೀವಿಲ್ದೆ ಆಡಲ್ಲ ಅಂತಾನೆ. ಪಾಸು ಕೊಡೋದ್ರಲ್ಲಿ ನಿಮ್ಮಂಥೋರು ಇನ್ನೊಬ್ರಿಲ್ವಂತೆ."

ಮೂವತ್ತಣ್ಣ ಸಹಿ ಹಾಕಿ ತಲೆಯೆತ್ತಿದ. ಪೆನ್ನಿಗಾಗಿ ಏಣಿ ಆಗಲೇ ಕೈಚಾಚಿ ನಿಂತಿದ್ದ.