ಮನೆಗೊಬ್ಬ ಮನಶ್ಶಾಸ್ತ್ರಜ್ಞ

ಈ ಕಥೆಯ ಮೊದಲ ವಾಕ್ಯ ಬರೆಯಲು ಕೂತಾಗಲೆಲ್ಲ ಫೋನು ಹೊಡೆದುಕೊಳ್ಳುತ್ತದೆ. ಈಗಲೂ ಹೊಡೆದುಕೊಂಡಿತು. ಯಾವುದೋ ವಿಶ್ವವಿದ್ಯಾಲಯದ ಆತ್ಮೀಯ ಸಂಪರ್ಕ ವಿಭಾಗದ ಹುಡುಗ. ನಿಮ್ಮ ಆಯ್ಕೆಯಿಂದ ನಿಮಗೆಷ್ಟು ತೃಪ್ತಿಯಾಗಿದೆ, ಒಂದರಿಂದ ಹತ್ತರೊಳಗೆ ಹೇಳಿ ಎಂದ. ಹನ್ನೊಂದು ಎಂದೆ. ಅದಕ್ಕೆ ಅವರಲ್ಲಿ ಜಾಗವಿಲ್ಲವಂತೆ. ಮೇಲಿನವರನ್ನು ಕೇಳಿಕೊಂಡು ಮತ್ತೆ ಮಾಡುತ್ತಾನಂತೆ. ಅವನು ಮತ್ತೆ ಮಾಡುವುದರೊಳಗೆ ವಾಕ್ಯವನ್ನು ಮುಗಿಸಿಬಿಡುತ್ತೇನೆ.

ನಮ್ಮ ಸ್ಕಾರ್ತ್‌ಬಿ ಊರಿನಲ್ಲಿ ಮಗುವನ್ನು ಮನಶ್ಶಾಸ್ತ್ರಜ್ಞರಿಗೆ ತೋರಿಸಲು ಆರು ವರ್ಷ ಕಾಯಬೇಕು; ಮನಶ್ಶಾಸ್ತ್ರಜ್ಞರೇ ಆಗಿಬಿಡಲು ಒಂದು ವರ್ಷ ಸಾಕು.

ಮಗು ನನ್ನದು. ಹೆಸರು ಡಾಟಿ. ನಾಲ್ಕು ತುಂಬಿದರೂ ಒಂದು ಮಾತು ಆಡಿರಲಿಲ್ಲ. ಕಿವಿ ನೋಡುವವರು ಕಿವಿ ಸರಿಯಿದೆ ಎಂದರು. ನಾಲಿಗೆ ನೋಡುವವರು ನಾಲಿಗೆ ಸರಿಯಿದೆ ಎಂದರು. ಇನ್ನು ಮನಸ್ಸು ನೋಡುವವರು ನೋಡಬೇಕು ಎಂದು ಇಬ್ಬರೂ ಬರೆದುಕೊಟ್ಟು ಕೈತೊಳೆದುಕೊಂಡರು. ಬಿಸ್ಕತ್ತು ಬೇಕಾದರೆ ಡಾಟಿ ಡಬ್ಬಿ ತೋರಿಸುತ್ತಿದ್ದಳು, ಬೇಡದವರು ಬಂದರೆ ಬಾಗಿಲು ತೋರಿಸುತ್ತಿದ್ದಳು. ಅವಳಪ್ಪ ಮಾತ್ರ ಯಾರೂ ತೋರಿಸದೆ ತಾನಾಗಿಯೇ ಬಾಗಿಲು ಕಂಡುಕೊಂಡಿದ್ದ. ನನಗಿದ್ದದ್ದು ಒಂದೇ ಆಸೆ: ಅವಳ ದನಿ ಹೇಗಿದೆ ಎಂದು ಕೇಳಬೇಕು.

ಮಕ್ಕಳ ಮನಸ್ಸಿನ ಕಚೇರಿಯಲ್ಲಿ ಕಾಯುವವರ ಪಟ್ಟಿಯನ್ನು ನೋಡಿಕೊಳ್ಳುವವರು ಶ್ರೀಮತಿ ಪ್ಯಾಟಿಸನ್. ಅವರೊಂದಿಗೆ ಮಾತಾಡುವುದಕ್ಕೂ ಒಂದು ಪಟ್ಟಿಯಿದೆ. ಅದರಲ್ಲಿ ನನ್ನ ಸರದಿ ಬಂದ ದಿನ ಅವರು ಕೇಳಿದರು:

"ಮಗು ಮಾತಾಡಲ್ವಾ?"

"ಇಲ್ಲ. ಅದಕ್ಕೇ ಫೋನ್ ಮಾಡಿದ್ದು."

"ಎಲ್ಲಿ, ಅವಳ ಕೈಗೆ ಕೊಡಿ. ಖಾತ್ರಿ ಮಾಡ್ಕೋತೀನಿ."

ಕೊಟ್ಟೆ. ಡಾಟಿ ಫೋನನ್ನು ಕಿವಿಗೆ ಹಿಡಿದು ಸುಮ್ಮನಿದ್ದಳು. ಆ ಕಡೆ ಅವರೂ ಸುಮ್ಮನಿದ್ದರು. ಇಬ್ಬರಿಗೂ ಬೇಜಾರಾದ ಮೇಲೆ ಫೋನು ನನ್ನ ಕೈಗೆ ವಾಪಸು ಬಂತು.

"ದೃಢಪಟ್ಟಿದೆ," ಎಂದರು ಶ್ರೀಮತಿ ಪ್ಯಾಟಿಸನ್. "ಮನೇಲಿ ಡಿಗ್ರಿ ಮಾಡಿದವ್ರು ಯಾರಾದ್ರೂ ಇದಾರಾ, ಚಿನ್ನಾ?"

"ನಂದು ಹತ್ತನೇ ಕ್ಲಾಸು."

"ಅದನ್ನ ಪರಿವರ್ತನೆ ಮಾಡಕ್ಕೆ ಬರಲ್ಲ. ಬೇರೆ ಯಾರು?"

"ತಂಗಿ ಇದಾಳೆ, ಬ್ರಯನಿ ಅಂತ. ಇತಿಹಾಸ ಓದ್ಕೊಂಡು ಕಾರ್ಪೆಟ್ ಮಾರ್ತಾಳೆ."

"ಧಾರಾಳವಾಗಿ ಸಾಕು," ಎಂದು ಅವರು ಪ್ರಕಟಣೆಯೊಂದನ್ನು ಕಳಿಸಿಕೊಟ್ಟರು. ಅದು ಹೀಗಿತ್ತು:

"ಕಾಯುತ್ತಿರುವ ಕುಟುಂಬಗಳ ಗಮನಕ್ಕೆ. ಕಾಯುವ ಅವಧಿಯು ತರಬೇತಿಯ ಅವಧಿಯನ್ನು ಮೀರಿರುವ ಸಂತೋಷದ ಸಂಗತಿಯನ್ನು ಈ ಮೂಲಕ ತಿಳಿಸಲಾಗಿದೆ. ಆದಕಾರಣ 'ಮನೆಗೊಬ್ಬ ಮನಶ್ಶಾಸ್ತ್ರಜ್ಞ' ಯೋಜನೆಯಡಿ, ಯಾವುದೇ ವಿಷಯದಲ್ಲಿ ಪದವಿ ಪಡೆದ ಬಂಧುವನ್ನು, ಆ ಪದವಿಯನ್ನು ಒಂದು ವರ್ಷದಲ್ಲಿ ಮನಶ್ಶಾಸ್ತ್ರಕ್ಕೆ ಬದಲಿಸುವ ಸ್ನಾತಕೋತ್ತರ ಪರಿವರ್ತನಾ ಕೋರ್ಸಿಗೆ ಸೇರಿಸಿ, ತಮ್ಮ ಮಗುವನ್ನು ತಾವೇ ಪರೀಕ್ಷಿಸಿಕೊಳ್ಳತಕ್ಕದ್ದು. ಬಂಧುಗಳಿಲ್ಲದವರು ಮದುವೆಯ ಮೂಲಕ ಪಡೆಯಬಹುದು."

ಬ್ರಯನಿ ಕುಣಿದಾಡಿದಳು. ಅವಳಿಗೆ ಕಾರ್ಪೆಟ್ ಸಾಕಾಗಿತ್ತು. ಬೂದು ಬಣ್ಣದಲ್ಲಿ ಹನ್ನೆರಡು ಬಗೆಯಿದೆ ಎಂದು ಗಂಡಹೆಂಡಿರಿಗೆ ಬಿಡಿಸಿ ಹೇಳಿ, ಅವರು ಅಂಗಡಿಯಲ್ಲೇ ಕಿತ್ತಾಡುವುದನ್ನು ನೋಡಿ ನೋಡಿ ಮನುಷ್ಯರ ಮನಸ್ಸು ತನಗೆ ಅರ್ಧ ಗೊತ್ತಾಗಿದೆ ಎನ್ನುತ್ತಿದ್ದಳು. ಉಳಿದ ಅರ್ಧಕ್ಕೆ ಒಂದು ವರ್ಷ ಸಾಲದೇ?

ಪಕ್ಕದ ಪಟ್ಟಣದಲ್ಲಿ ವಿಶ್ವವಿದ್ಯಾಲಯಗಳು ಎರಡು, ಹಳೆಯದು ಮತ್ತು ಹೊಸದು. ಹಳೆಯದರಲ್ಲಿ ಗಂಟೆ ಗೋಪುರವಿದೆ, ಕೊಳವಿದೆ, ಕೊಳದಲ್ಲಿ ಹಂಸಗಳಿವೆ. ಹೊಸದು ಹಿಂದೆ ಸೂಪರ್‌ಮಾರ್ಕೆಟ್ ಆಗಿತ್ತು. ಮನಶ್ಶಾಸ್ತ್ರ ವಿಭಾಗ ಇರುವುದು ಮೀನು ಮಾರುತ್ತಿದ್ದ ಕಡೆ. ಮಳೆ ಬಂದ ದಿನ ಅದು ತಾನಾಗಿಯೇ ಗೊತ್ತಾಗುತ್ತದೆ. ಬ್ರಯನಿ ಎರಡಕ್ಕೂ ಅರ್ಜಿ ಹಾಕಿದಳು. ಈ ಕೋರ್ಸು ನಿಮಗೇಕೆ ಬೇಕು ಎಂಬ ಪ್ರಶ್ನೆಗೆ ಎರಡರಲ್ಲೂ ಡಾಟಿಯ ಬಗ್ಗೆ ಬರೆದಳು. ಎರಡೂ ಕಡೆಯಿಂದ ಅವಳಿಗೆ ಸೀಟು ಸಿಕ್ಕಿತು, ಡಾಟಿಯನ್ನು ಕರೆದುಕೊಂಡು ಬನ್ನಿ ಎಂಬ ಆಹ್ವಾನವೂ ಸಿಕ್ಕಿತು.

ಹಳೆಯದರಲ್ಲಿ ನಮ್ಮನ್ನು ಎದುರುಗೊಂಡವರು ಡಾಕ್ಟರ್ ಥ್ರೆಲ್‌ಫಾಲ್. ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟು. ಡಾಟಿಯ ಎದುರು ಕುರ್ಚಿ ಎಳೆದುಕೊಂಡು, ಮುಲಾಜಿಲ್ಲದೆ ಕಾಲು ಗಂಟೆ ಅವಳನ್ನು ನೋಡಿದರು. ಅವಳೂ ನೋಡಿದಳು.

"ಬಹಳ ಶುದ್ಧವಾದ ಮೌನ," ಎಂದರು ಕೊನೆಗೆ. "ಇಂಥದ್ದು ಈಗೆಲ್ಲ ಸಿಗಲ್ಲ. ಈಗಿನ ಮಕ್ಕಳು ಮಧ್ಯೆ ಮಧ್ಯೆ ಏನಾದ್ರೂ ಅಂದುಬಿಡ್ತಾವೆ."

ಹೊಸದರಲ್ಲಿ ಎದುರುಗೊಂಡವಳು ಜಾಕ್ವಿ. ಅವಳೂ ಡಾಕ್ಟರೇ, ಆದರೆ ಹೊಸದರಲ್ಲಿ ಹಾಗನ್ನಬಾರದು ಎಂಬ ನಿಯಮವಿದೆ. ಡಾಟಿಯನ್ನು ನೋಡುತ್ತಲೇ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಬಂಗಾರಾ! ಹಳೇದರವ್ರು ಇವಳನ್ನ ಬರೀ ಪಾಠಕ್ಕೆ ಇಟ್ಕೋತಾರೆ. ನಾವು ಬಸ್ಸಿನ ಮೇಲೆ ಹಾಕ್ತೀವಿ."

"ಬಸ್ಸಿನ ಮೇಲಾ?"

"ಫೋಟೋ ಕಣಮ್ಮ. 'ಇವಳ ಪರವಾಗಿ ಮಾತಾಡಲು ಕಲಿಯಿರಿ' ಅಂತ ಕೆಳಗೆ ಬರೀತೀವಿ. ಇಪ್ಪತ್ತೇಳನೇ ನಂಬರು ಬಸ್ಸು."

ಅಡುಗೆಮನೆಯಲ್ಲಿ ಬ್ರಯನಿ ಟೀ ಆರುವ ತನಕ ಯೋಚಿಸುತ್ತಿದ್ದಳು.

"ಹಳೇದಕ್ಕೆ ಹೆಸರಿದೆ ಕಣೇ, ಕೆಲ್ಸಿ."

"ಹೊಸದಕ್ಕೆ ಪಾರ್ಕಿಂಗ್ ಇದೆ," ಎಂದೆ.

"ನಮ್ಮತ್ರ ಕಾರಿಲ್ಲ."

"ಹೆಸರೂ ಇಲ್ಲ."

"ತಮಾಷೆ ಬಿಡೇ. ಹಳೇದರಲ್ಲಿ ಇಲಿಗಳನ್ನ ಇಟ್ಕೊಂಡು ಕಲಿಸ್ತಾರೆ. ಹೊಸದರಲ್ಲಿ ಇಲಿಗಳ ವಿಡಿಯೋ ತೋರಿಸ್ತಾರೆ."

"ನಮ್ಮ ಹಿತ್ತಿಲಲ್ಲೇ ಇದಾವಲ್ಲ, ಹೋಗಿ ಕೂತ್ಕೋ. ನನ್ನ ಮಗಳು ಯಾವ ಕಡೆ ಬೇಗ ಮಾತಾಡ್ತಾಳೆ, ಅದನ್ನ ಹೇಳು."

"ಅದು ಯಾವ ಕಡೆಯ ಸಿಲೆಬಸ್ಸಿನಲ್ಲೂ ಇಲ್ಲ ಕಣೇ," ಎಂದಳು ಬ್ರಯನಿ, ನಿಜವಾಗಿಯೂ ಬೇಸರದಿಂದ.

ಮುಂದಿನ ಶುಕ್ರವಾರ ಅವಳು ಕಾರ್ಪೆಟ್ ಅಂಗಡಿಗೆ ರಾಜೀನಾಮೆ ಕೊಟ್ಟು ಬಂದಳು. ಮರುದಿನ, ಸೀಟು ಸಿಕ್ಕವರನ್ನು ಕರೆಸಿ ಓಲೈಸುವ 'ಅಂತಿಮ ಆಯ್ಕೆ ದಿನ'. ಬ್ರಯನಿಯಂತೆ ಎರಡು ದೋಣಿಯಲ್ಲಿ ಕಾಲಿಟ್ಟವರು ಬಹಳ ಜನ ಇದ್ದುದರಿಂದ ಖರ್ಚು ಉಳಿಸಲು ಎರಡೂ ವಿಶ್ವವಿದ್ಯಾಲಯಗಳು ಅದನ್ನು ಒಟ್ಟಿಗೇ ನಡೆಸಿದವು. ಕೊಳ ಹಳೆಯದರದ್ದು, ಸಮೋಸ ಹೊಸದರದ್ದು. ಡಾಕ್ಟರ್ ಥ್ರೆಲ್‌ಫಾಲ್ ಒಂದು ಕಡೆ, ಜಾಕ್ವಿ ಇನ್ನೊಂದು ಕಡೆ ನಿಂತು ನಾವು ಕೈತಪ್ಪಿ ಹೋಗದಂತೆ ಉಪಚರಿಸುತ್ತಿದ್ದರು. ಡಾಕ್ಟರು ಡಾಟಿಯನ್ನು ಮೆಚ್ಚಿಸಲೆಂದು ಬ್ರೆಡ್ಡಿನ ಚೂರು ಹಿಡಿದು ಹಂಸದತ್ತ ಕೈ ಚಾಚಿದರು.

"ಅದು ಕಚ್ಚುತ್ತೆ," ಎಂದಳು ಡಾಟಿ.

ಹಂಸ ಕಚ್ಚಿತು.

"ಹೇಳಿದ್ನಲ್ಲ," ಎಂದಳು ಡಾಟಿ.

ಸ್ವಲ್ಪ ಗೊಗ್ಗರು ದನಿ. ಹೆಚ್ಚು ಬಳಸದ ಬಾಗಿಲು ತೆಗೆದ ಹಾಗೆ. ನಾನು ಹಂಸದ ಹಿಕ್ಕೆಯ ಮೇಲೇ ಮಂಡಿಯೂರಿ ಅವಳನ್ನು ತಬ್ಬಿಕೊಂಡು ಅತ್ತೆ. ಜಾಕ್ವಿ ವಿಶ್ವವಿದ್ಯಾಲಯದ ಹೆಸರು ಅಚ್ಚಾಗಿದ್ದ ಕಾಗದದ ಕರವಸ್ತ್ರ ಕೊಟ್ಟಳು.

"ಇದು ಬಹಳ ದುರದೃಷ್ಟಕರ," ಎಂದರು ಡಾಕ್ಟರ್ ಥ್ರೆಲ್‌ಫಾಲ್, ಬೆರಳನ್ನು ಅಮುಕಿ ಹಿಡಿದುಕೊಂಡು.

"ತುಂಬಾ ಆಳಕ್ಕೆ ಕಚ್ಚಿದೆಯಾ?" ಎಂದಳು ಬ್ರಯನಿ.

"ಬೆರಳಲ್ಲಮ್ಮ, ಆ ವಾಕ್ಯ."

ನಿಯಮ ಬಹಳ ಸರಳವಾಗಿತ್ತು. ಅರ್ಜಿದಾರರು ಯಾವ ಸಂಗತಿಯಿಂದ ಪ್ರೇರಣೆ ಪಡೆದಿದ್ದಾರೋ ಆ ಸಂಗತಿಯು ನೋಂದಣಿಯ ದಿನದವರೆಗೆ ಜಾರಿಯಲ್ಲಿರತಕ್ಕದ್ದು. ಪ್ರೇರಣೆಯು ಗುಣಮುಖವಾದಲ್ಲಿ ಸೀಟು ರದ್ದಾಗುವುದು. ಹೊಸದರಲ್ಲೂ ಇದೇ ನಿಯಮವಿತ್ತು; ಅಲ್ಲಿ ಅದರ ಪಕ್ಕ ಒಂದು ನಗುಮುಖದ ಚಿತ್ರ ಮಾತ್ರ ಹೆಚ್ಚು.

"ನಾನು ಕೆಲಸ ಬಿಟ್ಟಿದೀನಿ ಸಾರ್," ಎಂದಳು ಬ್ರಯನಿ. ಅವಳ ಮುಖ ಕಾರ್ಪೆಟ್ಟಿನ ಆ ಹನ್ನೆರಡರಲ್ಲಿ ಒಂದು ಬಗೆಯ ಬೂದು ಬಣ್ಣಕ್ಕೆ ತಿರುಗಿತ್ತು.

"ಮೊದಲನೆಯ ವಾಕ್ಯ ಹಂಸ ಹೇಳಿತು ಅಂತ ಬರ್ಕೋಬಹುದು," ಎಂದರು ಡಾಕ್ಟರು, ಕನಿಕರದಿಂದ. "ಎರಡನೆಯದನ್ನೂ ಹಂಸದ ಲೆಕ್ಕಕ್ಕೆ ಹಾಕಿದ್ರೆ ಯಾರೂ ನಂಬಲ್ಲ."

ನಾನು ಅಲ್ಲಿಂದಲೇ ಶ್ರೀಮತಿ ಪ್ಯಾಟಿಸನ್‌ಗೆ ಫೋನ್ ಮಾಡಿದೆ. ಮಾತು ಬಂದ ಮಗುವಿನ ತಾಯಿಗೆ ಬೇರೆ ಪಟ್ಟಿಯಿದ್ದು, ಅದರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕೂಡಲೇ ಸಿಕ್ಕರು.

"ಅಭಿನಂದನೆ, ಚಿನ್ನಾ. ಹಾಗಾದ್ರೆ ಹೆಸರು ತೆಗೆದುಹಾಕ್ತೀನಿ."

"ಎರಡೇ ಮಾತಾಡಿದಾಳೆ. ನಾಳೆ ಮತ್ತೆ ನಿಲ್ಲಿಸಿದ್ರೆ?"

"ಪಟ್ಟಿಯ ಕೊನೇಲಿ ಹೊಸದಾಗಿ ಸೇರಿಸ್ತೀನಿ."

"ನಿಲ್ಲಿಸ್ತಾಳಾ?"

"ಅದನ್ನ ಮನಶ್ಶಾಸ್ತ್ರಜ್ಞರು ಹೇಳ್ಬೇಕು."

"ಅವರನ್ನ ಯಾವಾಗ ನೋಡಬಹುದು?"

"ಹೆಸರು ತೆಗೆಸದೇ ಇದ್ರೆ ಆರು ವರ್ಷಕ್ಕೆ."

ಹೆಸರು ತೆಗೆಸಬೇಡಿ ಎಂದೆ. ನನ್ನ ಜಾಗದಲ್ಲಿ ಯಾವ ತಾಯಿಯಿದ್ದರೂ ಹಾಗೇ ಅನ್ನುತ್ತಿದ್ದಳು. ಎರಡು ಮಾತನ್ನು ನಂಬಿ ಆರು ವರ್ಷದ ಸರದಿಯನ್ನು ಬಿಟ್ಟುಕೊಡಲು ನಾನೇನು ದಡ್ಡಿಯೇ?

ಆಗ ಜಾಕ್ವಿಗೆ ಹೊಳೆಯಿತು. ಸೀಟು ಸಿಕ್ಕವರಿಗೆ ಈ ವರ್ಷ ಬೇಡವೆನಿಸಿದರೆ ಮುಂದೂಡುವ ಸೌಲಭ್ಯವಿದೆ. ಸೀಟನ್ನು ಮುಂದೂಡಬಹುದಾದರೆ ಮಾತನ್ನೇಕೆ ಮುಂದೂಡಬಾರದು? ಡಾಕ್ಟರ್ ಥ್ರೆಲ್‌ಫಾಲ್ ನೋವು ಮರೆತು ತಲೆದೂಗಿದರು. ಹಳೆಯದೂ ಹೊಸದೂ ಒಪ್ಪಿದ ಮೊದಲ ವಿಷಯ ಇದೇ ಎಂದು ಅಲ್ಲಿದ್ದವರು ಹೇಳಿಕೊಂಡರು. ಸಮೋಸ ಮುಗಿಯುವುದರೊಳಗೆ ಜಂಟಿ ಆದೇಶವೂ ಸಿದ್ಧವಾಯಿತು:

"ಕುಮಾರಿ ಡಾಟಿಯ ಮಾತನ್ನು, ಆಕೆಯ ಚಿಕ್ಕಮ್ಮನ ನೋಂದಣಿಯವರೆಗೆ ಮುಂದೂಡಲಾಗಿದೆ. ಈಗಾಗಲೇ ಆಡಿರುವ ಎರಡು ವಾಕ್ಯಗಳನ್ನು ಮುಂದಿನ ಸಾಲಿಗೆ ವರ್ಗಾಯಿಸಲಾಗಿದೆ. ಸೀನು, ಕೆಮ್ಮು ಮತ್ತು ನಗುವಿಗೆ ಈ ಆದೇಶ ಅನ್ವಯಿಸುವುದಿಲ್ಲ."

ನಾನು ಸಹಿ ಹಾಕಿದೆ. ನಗುವಿಗೆ ಅವಕಾಶ ಕೊಟ್ಟದ್ದು ದೊಡ್ಡ ಮನಸ್ಸು ಎಂದು ಬ್ರಯನಿ ಹೇಳಿದಳು.

ಊರಿನವರು ಬಹಳ ಸಹಕರಿಸಿದರು. ಚಿಪ್ಸ್ ಅಂಗಡಿಯ ಮಾರೀನ್, ವಿನೆಗರ್ ಹಾಕಲಾ ಎಂದು ಎಲ್ಲರನ್ನೂ ಕೇಳುವವಳು, ಡಾಟಿಯನ್ನು ಕೇಳದೆಯೇ ಹಾಕಿದಳು. ನರ್ಸರಿಯ ಟೀಚರು ಹಾಡಿನ ಹೊತ್ತಿನಲ್ಲಿ ಅವಳ ಕೈಗೆ ಗಿಲಕಿ ಕೊಟ್ಟರು. ಇಪ್ಪತ್ತೇಳನೇ ನಂಬರು ಬಸ್ಸಿನ ಡ್ರೈವರು ಅವಳನ್ನು ಕಂಡಾಗಲೆಲ್ಲ ತುಟಿಯ ಮೇಲೆ ಬೆರಳಿಟ್ಟು, "ಜಾಣೆ! ಇನ್ನು ಸ್ವಲ್ಪ ದಿನ," ಎನ್ನುತ್ತಿದ್ದ. ಡಾಟಿ ಹಿಂದಿನಂತೆ ಡಬ್ಬಿ ತೋರಿಸತೊಡಗಿದಳು. ಒಂದು ಮಧ್ಯಾಹ್ನ ಮಾತ್ರ ಗೋಡೆಯ ಕಡೆ ತಿರುಗಿ ಏನನ್ನೋ ಪಿಸುಗುಡುತ್ತಿದ್ದಳು. ನಾನು ರೇಡಿಯೋ ಜೋರು ಮಾಡಿದೆ. ಕೇಳಿಸಿಕೊಂಡರೆ ತಾನೇ ವರದಿ ಮಾಡಬೇಕಾಗುವುದು?

ಕೊನೆಗೆ ಯಾವ ವಿಶ್ವವಿದ್ಯಾಲಯ ಎಂಬುದು ಇದರಿಂದಲೇ ತೀರ್ಮಾನವಾಯಿತು. ಹೊಸದರ ನೋಂದಣಿ ಹಳೆಯದಕ್ಕಿಂತ ಒಂದು ವಾರ ಮೊದಲಿತ್ತು. "ಪಾಪ, ಮಗು ಒಂದು ವಾರ ಮುಂಚೆ ಮಾತಾಡ್ಲಿ," ಎಂದಳು ಬ್ರಯನಿ. ಗಂಟೆ ಗೋಪುರವನ್ನೂ ಹೆಸರನ್ನೂ ಇಲಿಗಳನ್ನೂ ನನ್ನ ಮಗಳಿಗಾಗಿ ಬಿಟ್ಟುಕೊಟ್ಟಳು. ಇದನ್ನು ನಾನು ಮರೆಯುವುದಿಲ್ಲ, ಮರೆಯಲು ಅವಳು ಬಿಡುವುದೂ ಇಲ್ಲ.

ನೋಂದಣಿಯ ದಿನ ಮಳೆ. ಮೀನಿನ ವಾಸನೆ ಚೆನ್ನಾಗಿತ್ತು. ಬ್ರಯನಿಯ ಫೋಟೋ ತೆಗೆದು ಕೊರಳಿಗೆ ಕಾರ್ಡು ತೂಗುಹಾಕಿದರು. ನಾನು ಡಾಟಿಯನ್ನು ಎತ್ತಿಕೊಂಡು ಜಾಕ್ವಿಯ ಬಳಿ ಹೋದೆ.

"ಇನ್ನು ಮಾತಾಡಬಹುದಲ್ವಾ?"

"ಅಯ್ಯೋ ಖಂಡಿತ ಕಣಮ್ಮ!" ಎಂದಳು ಜಾಕ್ವಿ. "ಪ್ರಬಂಧ ಮುಗಿದ ತಕ್ಷಣ."

"ಯಾವ ಪ್ರಬಂಧ?"

ಬ್ರಯನಿ ಕಾರ್ಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಕೋರ್ಸಿನ ಕೊನೆಗೆ ಪ್ರಬಂಧ ಬರೆಯಬೇಕಂತೆ. ಅವಳ ವಿಷಯಕ್ಕೆ ಅಂದು ಬೆಳಿಗ್ಗೆಯೇ ಒಪ್ಪಿಗೆ ಸಿಕ್ಕಿತ್ತು: ಒಂದು ಮಗು ಮಾತಾಡದೇ ಇರಲು ಕಾರಣಗಳು.

"ಬರೀ ಒಂದು ವರ್ಷ ಕಣೇ, ಕೆಲ್ಸಿ," ಎಂದಳು. "ಪಟ್ಟೀಲಿ ಆರಿತ್ತು. ಐದು ಉಳೀತಲ್ಲ."

ಲೆಕ್ಕ ಸರಿಯಾಗಿತ್ತು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಯಾರೋ ನಮಗೆ ಕೇಕು ತಂದುಕೊಟ್ಟರು, ಡಾಟಿಯನ್ನು ಬ್ರಯನಿಯ ಪಕ್ಕ ನಿಲ್ಲಿಸಿ ಬಸ್ಸಿಗೆಂದು ಫೋಟೋ ತೆಗೆದರು. ಅವಳು ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಂತಳು, ನಗು ಎಂದಾಗ ನಕ್ಕಳು. ನಗುವಿಗೆ ಅನುಮತಿ ಇತ್ತಲ್ಲ.

ಆಮೇಲೆ ನನ್ನ ಬಳಿ ಬಂದು, ನನ್ನ ಕೋಟಿನ ಕಾಲರು ಹಿಡಿದು ಕೆಳಗೆ ಎಳೆದಳು. ಸುತ್ತ ಒಮ್ಮೆ ನೋಡಿ, ಕಿವಿಯ ಹತ್ತಿರ ಬಾಯಿ ತಂದು, ಒಂದಕ್ಷರವೂ ತೊದಲದೆ ಕೇಳಿದಳು:

"ಅಮ್ಮಾ, ನಂಗೆ ಮಾತು ಯಾವಾಗ ಬರುತ್ತೆ?"