ಚಿಕ್ಕಪ್ಪನ ಗಾಜಿನ ಮೀನುಗಳು

ನಮ್ಮ ಚಿಕ್ಕಪ್ಪನಿಗೆ ಹುಚ್ಚು ಎಂದು ಊರಿನವರು ಹೇಳಿದಾಗ ನಾನು ಒಪ್ಪಿಕೊಂಡವಳಲ್ಲ. ಹುಚ್ಚಿಗೂ ಒಂದು ಮಿತಿ ಅಂತ ಇರುತ್ತದೆ! ಹುಣಸೂರಿನ ಆಚೆ ಮೂರು ಎಕರೆಯಲ್ಲಿ ಹೊಗೆಸೊಪ್ಪು ಬೆಳೆಯುವ ಮನುಷ್ಯ, ತಾನು ಉಣ್ಣುವುದನ್ನು ಮರೆತರೂ ಮೀನಿಗೆ ಉಣ್ಣಿಸುವುದನ್ನು ಮರೆಯಲಿಲ್ಲ ಎಂದರೆ ಅದಕ್ಕೆ ಬೇರೆಯೇ ಹೆಸರು ಬೇಕು. ಅದೂ ಎಂಥ ಮೀನು? ಸಾರಿಗೆ ಬಾರದ ಮೀನು!

ತಪ್ಪಿನಲ್ಲಿ ನನ್ನ ಪಾಲೂ ಇದೆ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓದಿದ ಡಿಗ್ರಿ. ಸರ್ಟಿಫಿಕೇಟ್ ತರಲು ಮೈಸೂರಿಗೆ ಹೊರಟಾಗ ಚಿಕ್ಕಪ್ಪ ಇಸ್ತ್ರಿ ಅಂಗಿ ತೊಟ್ಟು ಜೊತೆಗೆ ಬಂದರು. ಬರುವಾಗ ಮೀನಿನ ಅಂಗಡಿಯೊಂದರ ಮುಂದೆ ನಿಂತವರು ಅಲ್ಲಾಡಲಿಲ್ಲ.

"ಮಗಾ, ಇಲ್ನೋಡು! ಈ ಮೀನಿಗೆ ಮೈಯೇ ಇಲ್ಲ ಕಣವ್ವಾ!"

ಗ್ಲಾಸ್ ಕ್ಯಾಟ್‌ಫಿಶ್. ಬೆರಳುದ್ದದ ಮೀನು. ಒಳಗಿನ ಮುಳ್ಳೆಲ್ಲ ಬಾಚಣಿಗೆಯಂತೆ ಕಾಣುತ್ತಿತ್ತು. ತಲೆಯ ಹಿಂದೊಂದು ಬೆಳ್ಳಿಯ ಚೀಲ, ಹೊಟ್ಟೆ ಕರುಳೆಲ್ಲ ಅದರೊಳಗೆ. ಮಿಕ್ಕಿದ್ದು ಬರೀ ಗಾಜು. ಮೂತಿಯಲ್ಲಿ ಎರಡು ಮೀಸೆ ಬೇರೆ! ಹೇಗೆ ಸಾಕುವುದು ಎಂದು ಚಿಕ್ಕಪ್ಪ ನನ್ನನ್ನು ಕೇಳಿದರು. ಕಾಲೇಜಿನಲ್ಲಿ ನಾನು ನೋಡಿದ ಮೀನುಗಳೆಲ್ಲ ಫಾರ್ಮಲಿನ್ ಬಾಟಲಿಯಲ್ಲಿದ್ದವು. ಬದುಕಿರುವ ಮೀನಿನ ಬಗ್ಗೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಯಾರೂ ಕೇಳಿರಲಿಲ್ಲ. ಆದರೂ ಕೈಯಲ್ಲಿ ಸರ್ಟಿಫಿಕೇಟ್ ಇತ್ತಲ್ಲ, "ಸುಲಭ ಚಿಕ್ಕಪ್ಪ" ಎಂದುಬಿಟ್ಟೆ.

ಒಂದು ಗಾಜಿನ ತೊಟ್ಟಿ, ಒಂದು ಮೀನು ತಂದೆವು. ಅದು ಕಲ್ಲಿನ ಹಿಂದೆ ಮೂರು ದಿನ ಅಡಗಿ ಕೂತು ನಾಲ್ಕನೆಯ ದಿನ ಸತ್ತಿತು. ಚಿಕ್ಕಪ್ಪ ನೇರ ಮೈಸೂರಿಗೆ ಹೋಗಿ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರು.

"ಒಂದೇ ಇಟ್ರೆ ಹೆದ್ರಿ ಸಾಯ್ತವೆ ಯಜಮಾನ್ರೇ. ಆರಾದ್ರೂ ಇರಬೇಕು."

"ಮೊದ್ಲೇ ಯೋಳ್ಬಾರ್ದಾಗಿತ್ತಾ?"

"ಪಕ್ಕದಲ್ಲಿ ಓದಿರೋರು ನಿಂತಿದ್ರಲ್ಲ, ಗೊತ್ತಿರ್ತದೆ ಅಂದ್ಕೊಂಡೆ."

ಆ ಮಾತನ್ನು ಚಿಕ್ಕಪ್ಪ ಮನೆಯಲ್ಲಿ ನನಗೆ ವರದಿ ಮಾಡಿದಾಗ ನಗಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಅವತ್ತು ಆರು ಮೀನುಗಳ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರಂತೆ. ಬಿಳಿಕೆರೆ ಹತ್ತಿರ ಕಂಡಕ್ಟರ್ ಬಗ್ಗಿ ನೋಡಿ, "ಮೈಸೂರಿಂದ ನೀರು ಒತ್ಕೊಂಡೋಯ್ತಾ ಇದ್ದೀರಲ್ಲ, ನಿಮ್ಮೂರಲ್ಲಿ ನೀರಿಲ್ವಾ?" ಎಂದನಂತೆ!

ಊರಿಗೆ ಊರೇ ನೋಡಲು ಬಂತು. ಪಕ್ಕದ ಮನೆಯ ಗೌಡರು ಗಾಜಿಗೆ ಮೂಗು ಒತ್ತಿ ನೋಡಿ ತೀರ್ಪು ಕೊಟ್ಟರು. "ತಿಂದು ಮುಳ್ಳು ಬುಟ್ಟಿರೋದ್ನ ತಂದು ನೀರಿಗೆ ಬುಟ್ಟಿದ್ದೀಯಲ್ಲೋ! ದೀಪಾವಳಿ ಗಂಟ ಇವು ಆರೂ ಬದುಕಿದ್ರೆ ನನ್ ಮೀಸೆ ಬೋಳಿಸ್ತೀನಿ."

ಗೌಡರ ಮೀಸೆ ಸಾಮಾನ್ಯದ್ದಲ್ಲ. ಪಿರಿಯಾಪಟ್ಟಣದ ಸಂತೆಯಲ್ಲೂ ಅದಕ್ಕೆ ಗುರುತಿನವರಿದ್ದರು!

ಅಲ್ಲಿಂದ ಚಿಕ್ಕಪ್ಪನ ತಪಸ್ಸು ಶುರು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗಿನ ಶಾಖ ಹೇಳುವವರು ಅವರು. ಅದೇ ಅಂಗೈಯನ್ನು ಮೀನಿನ ತೊಟ್ಟಿಗೂ ಇಟ್ಟು, ಚಳಿಯಾದರೆ ಮೇಲೊಂದು ಬಲ್ಬು ಉರಿಸುತ್ತಿದ್ದರು. ದಿನಾ ಸಂಜೆ ತಿಂಡಿ ಉದುರಿಸಿ, ಬೆರಳುಗಳನ್ನು ನೀರಿನಲ್ಲೇ ಬಿಟ್ಟು, "ಬನ್ರಪ್ಪಾ, ನಾನೇ ಕಣ್ರಪ್ಪಾ" ಎಂದು ಮಾತಾಡಿಸುತ್ತಿದ್ದರು. ಎರಡು ತಿಂಗಳು ಆರೂ ಮೀನು ಒಂದೇ ಸಾಲಿನಲ್ಲಿ, ಒಂದೇ ಕಡೆಗೆ ಮುಖಮಾಡಿ ನಿಂತವು. ನಮ್ಮೂರ ಪಂಚಾಯ್ತಿಯಲ್ಲಿ ಕಾಣದ ಶಿಸ್ತು!

ಸೊಪ್ಪು ಮುರಿಯುವ ಕೆಲಸ ಶುರುವಾದ ವಾರವೇ ಮೀನುಗಳು ಬೆಳ್ಳಗಾದವು. ಗಾಜು ಹೋಗಿ ಹಾಲಾಯಿತು. ಸಾಲು ಮುರಿದು ಒಂದೊಂದೂ ಒಂದೊಂದು ಮೂಲೆಗೆ ವಾಲಿದವು. ಚಿಕ್ಕಪ್ಪ ಎರಡು ಹೊತ್ತು ಉಣ್ಣಲಿಲ್ಲ. "ನಿನ್ ಪುಸ್ತಕದಾಗೆ ಏನೂ ಇಲ್ವಾ ಮಗಾ?" ಎಂದರು. ಗೌಡರು ಅಂಗಳದಲ್ಲಿ ನಿಂತು ಸುಮ್ಮನೆ ಮೀಸೆ ತಿರುವಿದರು.

ಪುಸ್ತಕದಲ್ಲಿ ಏನೂ ಇರಲಿಲ್ಲ. ತೊಟ್ಟಿಯ ಮುಂದೆ ಕೂತು ದಿನವಿಡೀ ನೋಡಿದೆ. ಸಂಜೆ ಚಿಕ್ಕಪ್ಪ ಹೊಲದಿಂದ ಬಂದು ನೀರಿಗೆ ಬೆರಳಿಟ್ಟರು. ಮೀನುಗಳು ನಡುಗಿದವು.

"ಚಿಕ್ಕಪ್ಪ, ಕೈ ತೆಗೀರಿ! ತೋರ್ಸಿ ಇಲ್ಲಿ!"

ಬೆರಳ ತುಂಬ ಕರ್ರಗೆ ಹೊಗೆಸೊಪ್ಪಿನ ಅಂಟು. ನಮ್ಮ ಕಡೆ ಅದನ್ನು ಕೊಳೆ ಎಂದು ಯಾರೂ ಎಣಿಸುವುದಿಲ್ಲ. ಸುಗ್ಗಿಯಲ್ಲಿ ಅದು ಕೈಯ ಬಣ್ಣವೇ!

"ಅವರೆ ಗಿಡದ ಹುಳ ಸಾಯ್ಲಿ ಅಂತ ಹೊಗೆಸೊಪ್ಪಿನ ಕಷಾಯ ಹೊಡೆಯೋರು ಯಾರು?"

"ನಾನೇ."

"ಮೀನಿಗೆ ದಿನಾ ಅದೇ ಕಷಾಯ ಕುಡಿಸ್ತಿರೋರು ಯಾರು?"

ಚಿಕ್ಕಪ್ಪ ತಮ್ಮ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು.

ಆಮೇಲೆ ನನ್ನದೇ ರಾಜ್ಯಭಾರ. ನೀರನ್ನು ಒಮ್ಮೆಲೇ ಬದಲಿಸದೆ ದಿನಕ್ಕಿಷ್ಟು ಎಂದು ಬದಲಿಸಿದೆ. ಬರೀ ಸೋಪಿಗೆ ಹೋಗುವ ಅಂಟಲ್ಲ ಅದು. ಹಣ್ಣು ಟೊಮೇಟೊ ಹಿಂಡಿ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯದೆ ಯಾರೂ ತೊಟ್ಟಿ ಮುಟ್ಟುವಂತಿಲ್ಲ ಎಂದು ಕಾನೂನು ಮಾಡಿದೆ. "ಸಾರಿಗೆ ಟೊಮೇಟೊ ಇಲ್ಲ, ಮೀನಿಗದೆ!" ಎಂದು ಚಿಕ್ಕಮ್ಮ ಗೊಣಗಿದರು. ನಾಲ್ಕನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಕೂಗಿದ ಕೂಗಿಗೆ ಬೀದಿಯವರೆಲ್ಲ ಓಡಿಬಂದರು. "ಮುಳ್ಳು ಕಾಣ್ತಾ ಅವೆ ಕಣ್ರೋ! ಆರಕ್ಕೆ ಆರೂ!"

ದೀಪಾವಳಿಯ ದಿನ ಗೌಡರು ಮಾತಿಗೆ ತಪ್ಪಲಿಲ್ಲ. ಈಗ ನಮ್ಮ ಬೀದಿಯಲ್ಲಿ ಮೀನಿಗೆ ಮೀಸೆ ಇದೆ, ಗೌಡರಿಗಿಲ್ಲ! "ಉಡ್ಗಿ ಓದಿದ್ದು ದಂಡ ಆಗ್ಲಿಲ್ಲ ಬುಡು" ಎಂದು ಬೋಳು ತುಟಿಯಲ್ಲೇ ಒಪ್ಪಿಕೊಂಡರು. ಕೆ.ಆರ್. ನಗರದ ನೆಂಟರ ಮುಂದೆ ಚಿಕ್ಕಪ್ಪ ನನ್ನನ್ನು "ನಮ್ ಮೀನಿನ ಡಾಕ್ಟ್ರು" ಎಂದು ಪರಿಚಯಿಸಿದರು. ನಾನು ತಿದ್ದಲಿಲ್ಲ. ಯಾಕೆ ತಿದ್ದಲಿ?

ಅವತ್ತು ಸಂಜೆ ತೊಟ್ಟಿಯ ಮುಂದೆ ಕೂತಿದ್ದ ಚಿಕ್ಕಪ್ಪ ಮೆಲ್ಲಗೆ ಕೇಳಿದರು. "ಮಗಾ, ಆ ಅಂಟು ಮನುಷ್ಯರ ಚರ್ಮದೊಳೀಕೂ ಇಳೀತದಾ?"

"ಇಳಿಯುತ್ತೆ ಚಿಕ್ಕಪ್ಪ."

ಅವರು ಬಾಗಿಲಾಚೆ ನೋಡಿದರು. ಅಂಗಳದಲ್ಲಿ ಚಿಕ್ಕಮ್ಮ ಬ್ಯಾರನ್ನಿಗೆ ಏರಿಸಲು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದರು, ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಕಟ್ಟಿದ ಹಾಗೆಯೇ. ಚಿಕ್ಕಪ್ಪ ಎದ್ದು ಎರಡು ಟೊಮೇಟೊ, ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕೇಳದೆಯೇ ಅವರ ಬಲಗೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಉಜ್ಜತೊಡಗಿದರು.

"ಅಯ್ಯೋ, ಬುಡಿ! ಜನ ನೋಡ್ತಾವ್ರೆ!"

ಚಿಕ್ಕಪ್ಪ ಬಿಡಲಿಲ್ಲ. ಅಂಟು ಹೋಗಿ ಚರ್ಮ ಕಾಣುವವರೆಗೂ ಉಜ್ಜಿ, ನೀರು ಹುಯ್ದು, ಪಂಚೆಯ ಅಂಚಿನಲ್ಲಿ ಒರೆಸಿ ಹೇಳಿದರು.

"ಇನ್ನೊಂದು ಕೈ ಕೊಡು."